ಪ್ರಶ್ನೆ ಕೇಳಿ ಹೋದವರು ಉತ್ತರ ತರಲಿ

ಹೊಳಲು ಸೀಮೆಯ ರೈತಬಂಧುಗಳೇ,

ಕೃಷಿ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ಬಂದು ಇರುವುದನ್ನು ನೀವು ಕಂಡಿರಬಹುದು. ಗುಡಿಯ ಮುಂದಿನ ಬಯಲಲ್ಲಿ ರಂಗೋಲಿ ಪುಡಿಯಿಂದ ಊರಿನ ನಕಾಶೆ ಬರೆಯುತ್ತಾರೆ. ಎರೆ ಹೊಲ ಯಾವ ಕಡೆ, ಮಸಾರಿ ಯಾವ ಕಡೆ, ಹಳ್ಳ ಎಲ್ಲಿ ಹರಿಯುತ್ತದೆ ಎಂದು ಹಿರಿಯರನ್ನು ಕೇಳಿ ತುಂಬುತ್ತಾರೆ. ಫೋಟೋ ಹಿಡಿದುಕೊಳ್ಳುತ್ತಾರೆ. ಸಂಜೆ ದನ ತುಳಿದರೆ ನಕಾಶೆ ಮುಗಿಯಿತು. ಮಕ್ಕಳದು ತಪ್ಪೆನ್ನಲಾರೆ, ಅವರು ಕಲಿಯಲು ಬಂದವರು. ಆದರೆ ದೊಡ್ಡವರ ಸಂಶೋಧನೆಯೂ ಎಷ್ಟೋ ಸಲ ಇದೇ ದಾರಿ ಹಿಡಿಯುತ್ತದೆ. ನನ್ನ ಹೊಲದ ಮಣ್ಣನ್ನೂ ಒಮ್ಮೆ ಚೀಲದಲ್ಲಿ ಕಟ್ಟಿಕೊಂಡು ಹೋದರು. ಫಲಿತಾಂಶದ ಚೀಟಿ ಇಂದಿಗೂ ಕೈಸೇರಿಲ್ಲ.

ಹೀಗೇ ಆಗಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ಹಳ್ಳಿಗೆ ಒದಗುವ ತಂತ್ರಜ್ಞಾನ ಹುಡುಕುವುದೇ ಅದರ ಕೆಲಸ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ ಅವರು ಊರೊಟ್ಟಿನ ಗೋಬರ್ ಗ್ಯಾಸ್ ಘಟಕ ಹಾಕಿದರು. ಮನೆಮನೆಗೆ ಅಡುಗೆಗೆ ಗ್ಯಾಸ್ ಕೊಡಬೇಕೆಂಬುದು ಮೊದಲ ಲೆಕ್ಕ. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ, ಲೆಕ್ಕ ತಪ್ಪಿತು. ಇಲ್ಲಿಗೇ ಬಿಟ್ಟು ಹೋಗಿದ್ದರೆ ಇನ್ನೊಂದು ಪಾಳು ಗುಂಡಿ ಉಳಿಯುತ್ತಿತ್ತು, ಅಷ್ಟೇ. ಅವರು ಬಿಡಲಿಲ್ಲ, ಊರಿಗೆ ಮೊದಲು ಏನು ಬೇಕೆಂದು ಜನರನ್ನೇ ಕೇಳಿದರು. ಜನ ಕುಡಿಯುವ ನೀರು ಕೇಳಿದರು. ಕೊಡ ಹೊತ್ತು ತರುವ ಕಷ್ಟ ಹೆಣ್ಣುಮಕ್ಕಳಿಗೇ ಗೊತ್ತು!

1987ರಿಂದ ಅದೇ ಗ್ಯಾಸನ್ನು ಡೀಸೆಲ್ ಜೊತೆ ಬೆರೆಸಿ ಇಂಜಿನ್ ಓಡಿಸಿ ವಿದ್ಯುತ್ ತೆಗೆದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಿಗೆ ದೀಪ ಬಂತು. ಸಗಣಿ ತಂದವರಿಗೆ ತೂಕದ ಮೇಲೆ ಕಾಸು, ಬಗ್ಗಡ ಮತ್ತೆ ಅವರವರ ಹೊಲಕ್ಕೆ. ಘಟಕ ಈಗ ಇಲ್ಲ. ಆದರೂ ಊರವರೇ ಅದನ್ನು ವರ್ಷಗಟ್ಟಲೆ ನಡೆಸಿದರೆಂಬುದು ಸಣ್ಣ ಮಾತಲ್ಲ.

ನಮ್ಮ ಭಾಗಕ್ಕೆ ಈಗ ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಅಲ್ಲಿಂದಲೋ ಬೇರೆಡೆಯಿಂದಲೋ ಅಂತರ್ಜಲ, ಸವಳು ಮಣ್ಣು, ಗುಳೆ ಹೋಗುವವರ ಸಮಸ್ಯೆ ಎಂದು ಯಾರಾದರೂ ಹಾಳೆ ಹಿಡಿದು ಬಂದರೆ ಅವರನ್ನು ಕೂರಿಸಿರಿ, ಚಹಾ ಕೊಡಿರಿ. ಆಮೇಲೆ ನಿಮ್ಮ ಪ್ರಶ್ನೆಯನ್ನೂ ಕೇಳಿರಿ. ಈ ವಿಷಯ ಆರಿಸಿದವರು ಯಾರು? ಬಾವಿ ಬತ್ತಿದವನನ್ನು ಕೇಳಿದಿರಾ, ನೀರು ಹೊರುವವಳನ್ನು ಕೇಳಿದಿರಾ? ಹೊಸ ತಳಿ ಬಿತ್ತಿಸಿ ಬೆಳೆ ಕೈಕೊಟ್ಟರೆ ನಷ್ಟ ಯಾರ ತಲೆಗೆ? ಎಕರೆ ಎರಡೆಕರೆಯವನಿಗೆ ಇದು ತಮಾಷೆಯ ಮಾತಲ್ಲ; ಪ್ರಯೋಗ ಕೆಟ್ಟರೂ ವಿಜ್ಞಾನಿಗೆ ಸಂಬಳ ಬರುತ್ತದೆ.

ಬಂದವರ ಹೆಸರು, ಸಂಸ್ಥೆ, ಮರಳಿ ಬರುವ ತಿಂಗಳು ಇವನ್ನು ಪಂಚಾಯಿತಿಯಲ್ಲಿ ಬರೆಸಿರಿ. ಫಲಿತಾಂಶ ಏನೇ ಬರಲಿ, ಅದನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದುವುದಾಗಿ ಒಪ್ಪಿಸಿರಿ. ಒಪ್ಪದಿದ್ದರೆ ಮಣ್ಣು ಕೊಡಬೇಡಿರಿ.