ಬಿಯರ್ ಮೇಳದಲ್ಲಿ ನಿಮ್ಮ ರುಚಿ ಹುಡುಕುವುದು ಹೇಗೆ? ಬಣ್ಣ ಮತ್ತು ಕಹಿ ಹೇಳದ ಸಂಗತಿಗಳು

"ಬಿಯರ್ ಅಂದ್ರ ಸೆರೆ ಅಲ್ಲ ಬಿಡಪಾ, ಬ್ಯಾಸಗಿಗೆ ತಂಪು." ಹುನಗುಂದ, ಇಳಕಲ್ ಕಡೆ ಈ ಮಾತು ಕೇಳದವರು ಕಡಿಮೆ. ಇದರ ಜೊತೆಗೆ ಇನ್ನೂ ನಾಲ್ಕು ಮಾತುಗಳು ಓಡಾಡುತ್ತವೆ: ಎಲ್ಲ ಬಿಯರೂ ಒಂದೇ ರುಚಿ, ಕಪ್ಪು ಬಿಯರ್ ಜೋರು, ಕಹಿ ಹೆಚ್ಚಿದ್ದಷ್ಟೂ ಅಮಲು ಹೆಚ್ಚು, ಬಿಯರ್ ಕುಡಿದರೆ ಕಿಡ್ನಿ ಕಲ್ಲು ಹೋಗುತ್ತದೆ.

ನಮ್ಮ ಕಡೆಯಿಂದ ದುಡಿಯಲು ಬೆಂಗಳೂರಿಗೆ ಹೋದ ಅನೇಕರು ಅಲ್ಲಿನ ಕ್ರಾಫ್ಟ್ ಬಿಯರ್ ಮೇಳಕ್ಕೋ ಮೈಕ್ರೋಬ್ರೂವರಿಗೋ ಮೊದಲ ಸಲ ಹೋಗುವುದು ಇವೇ ಮಾತುಗಳನ್ನು ತಲೆಯಲ್ಲಿಟ್ಟುಕೊಂಡು. ಎದುರಿನ ಹಲಗೆಯ ಮೇಲೆ ಲಾಗರ್, ವೀಟ್ ಬಿಯರ್, ಐಪಿಎ, ಸ್ಟೌಟ್ ಎಂದು ಹತ್ತಾರು ಹೆಸರು. ಪ್ರತಿ ಹೆಸರಿನ ಮುಂದೆ ಒಂದು ಸಂಖ್ಯೆ. ಹೆಚ್ಚಿನವರು ಹೆಸರು ನೋಡುತ್ತಾರೆ, ಬಣ್ಣ ನೋಡುತ್ತಾರೆ, ಸಂಖ್ಯೆಯನ್ನು ಬಿಟ್ಟುಬಿಡುತ್ತಾರೆ. ಆದರೆ ನಾಲಿಗೆಗೆ ಯಾವುದು ಹಿಡಿಸುತ್ತದೆ ಎಂಬುದು ಬೇರೆ, ದೇಹಕ್ಕೆ ಎಷ್ಟು ಹೋಗುತ್ತದೆ ಎಂಬುದು ಬೇರೆ. ಈ ಎರಡನ್ನೂ ಬಿಡಿಸಿ ನೋಡಿದರೆ ಮೇಲಿನ ಮಾತುಗಳಲ್ಲಿ ಎಷ್ಟು ನಿಜ ಎಂಬುದು ತಿಳಿಯುತ್ತದೆ.

ಮೇಳ ಇರುವುದು ರುಚಿ ನೋಡಲು

ದೊಡ್ಡ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಬಾಟಲಿಗಳಲ್ಲಿ ಒಂದೇ ರುಚಿ ಬರುವಂತೆ ಮಾಡುವ ಬದಲು, ಸಣ್ಣ ಪ್ರಮಾಣದಲ್ಲಿ, ಬಗೆಬಗೆಯ ರುಚಿಯಲ್ಲಿ ತಯಾರಿಸುವ ಬಿಯರನ್ನು ಕ್ರಾಫ್ಟ್ ಬಿಯರ್ ಎನ್ನುತ್ತಾರೆ. ಬೆಂಗಳೂರಿನಲ್ಲಿ 2010ರ ಆಸುಪಾಸಿನಲ್ಲಿ ಇಂಥ ಮೈಕ್ರೋಬ್ರೂವರಿಗಳು ಶುರುವಾದವು. ಈಗ ಕರ್ನಾಟಕದಲ್ಲಿ ಅತಿ ಹೆಚ್ಚು ಮೈಕ್ರೋಬ್ರೂವರಿಗಳಿರುವ ಊರು ಅದೇ.

ಇಂಥ ಬಿಯರ್‌ಗಳ ಮೇಳದಲ್ಲಿ ಕೊಡುವ ಅಳತೆಯೇ ಅದರ ಉದ್ದೇಶ ಹೇಳುತ್ತದೆ. ಅಮೆರಿಕದ ಕೊಲರಾಡೊದಲ್ಲಿ 1982ರಲ್ಲಿ ಶುರುವಾದ 'ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್' ಒಂದು ಔನ್ಸ್, ಅಂದರೆ ಸುಮಾರು 30 ಮಿಲಿಲೀಟರ್ ಮಾತ್ರ ಸುರಿಯುವುದಕ್ಕೆ ಹೆಸರುವಾಸಿ. ಬ್ರಿಟನ್ನಿನ ಮೇಳಗಳಲ್ಲಿ ಪೈಂಟ್‌ನ ಮೂರನೇ ಒಂದು ಭಾಗ, ಅಂದರೆ ಸುಮಾರು 190 ಮಿ.ಲೀ. ಕೇಳಿ ಪಡೆಯಬಹುದು. ಬೆಂಗಳೂರಿನ ಬ್ರೂವರಿಗಳಲ್ಲೂ ಸಣ್ಣ ಸಣ್ಣ ಲೋಟಗಳನ್ನು ಒಂದು ಹಲಗೆಯ ಮೇಲೆ ಜೋಡಿಸಿ ತಂದಿಡುವ ರೂಢಿ ಇದೆ.

ನಾಲ್ಕು ಸಾಮಗ್ರಿ, ಇಷ್ಟೊಂದು ರುಚಿ ಹೇಗೆ?

ಬಿಯರ್‌ಗೆ ಬೇಕಾದ್ದು ಮುಖ್ಯವಾಗಿ ನಾಲ್ಕು: ಧಾನ್ಯ, ನೀರು, ಯೀಸ್ಟ್ ಮತ್ತು ಹಾಪ್ಸ್ ಎಂಬ ಬಳ್ಳಿಯ ಹೂವು.

ಧಾನ್ಯವನ್ನು, ಹೆಚ್ಚಾಗಿ ಬಾರ್ಲಿಯನ್ನು, ನೆನೆಸಿ ಮೊಳಕೆ ಬರಿಸುತ್ತಾರೆ. ಮನೆಯಲ್ಲಿ ಹೆಸರುಕಾಳಿಗೆ ಮೊಳಕೆ ಬರಿಸಿದಂತೆಯೇ. ಮೊಳಕೆಯೊಡೆಯುವಾಗ ಕಾಳಿನೊಳಗೆ ಕಿಣ್ವಗಳು ಹುಟ್ಟುತ್ತವೆ. ಮುಂದೆ ಬಿಸಿನೀರಿನಲ್ಲಿ ಕಲಸಿದಾಗ ಅವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಜೋಳದ ರೊಟ್ಟಿಯನ್ನು ಬಹಳ ಹೊತ್ತು ಜಗಿದರೆ ಸಿಹಿ ಎನಿಸುತ್ತದಲ್ಲ, ಅಲ್ಲಿ ಜೊಲ್ಲಿನ ಕಿಣ್ವ ಮಾಡುವುದೂ ಇದೇ ಕೆಲಸ. ಮೊಳಕೆ ಕಾಳನ್ನು ಒಣಗಿಸಿದರೆ ಅದೇ ಮಾಲ್ಟ್. ಹದವಾಗಿ ಒಣಗಿಸಿದರೆ ಬಿಯರ್ ಹೊಂಬಣ್ಣ, ಕಪ್ಪಾಗುವಷ್ಟು ಹುರಿದರೆ ಕಾಫಿಯಂಥ ವಾಸನೆಯ ಸ್ಟೌಟ್.

ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಮತ್ತು ಅನಿಲ ಬಿಡುವುದು ಯೀಸ್ಟ್. ಏಲ್ ಬಗೆಯ ಯೀಸ್ಟ್ ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡಿ ಹಣ್ಣಿನಂಥ ವಾಸನೆಗಳನ್ನು ಬಿಡುತ್ತದೆ. ಲಾಗರ್ ಬಗೆಯದು 7ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿಸಿ ತಿಳಿಯಾದ ರುಚಿ ಕೊಡುತ್ತದೆ. ಜರ್ಮನಿಯ ಬಗೆಯ ವೀಟ್ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ. ಯಾರೂ ಅದಕ್ಕೆ ಬಾಳೆಹಣ್ಣು ಹಾಕಿರುವುದಿಲ್ಲ. ಆ ಯೀಸ್ಟ್ ತಯಾರಿಸುವ ಐಸೊಅಮೈಲ್ ಅಸಿಟೇಟ್ ಎಂಬ ರಾಸಾಯನಿಕ ಬಾಳೆಹಣ್ಣಿನಲ್ಲೂ ಇದೆ. ಬೆಲ್ಜಿಯಂ ಬಗೆಯದರಲ್ಲಿ ಮಾತ್ರ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೇ ಹಾಕುತ್ತಾರೆ.

ಕಹಿ ಬರುವುದು ಹಾಪ್ಸ್‌ನಿಂದ. ಅದು ಬಿಯರ್ ಬೇಗ ಕೆಡದಂತೆಯೂ ತಡೆಯುತ್ತದೆ. ಐಪಿಎ ಎಂಬ ಕಹಿ ಬಿಯರಿನ ಹೆಸರಿನಲ್ಲಿರುವ 'ಐ' ಇಂಡಿಯಾ. ಇಂಗ್ಲೆಂಡಿನಿಂದ ಭಾರತಕ್ಕೆ ಬರುವ ಹಡಗುಯಾನದಲ್ಲಿ ಕೆಡದಿರಲೆಂದೇ ಇದನ್ನು ಕಂಡುಹಿಡಿದರು ಎಂಬ ಕಥೆ ಅರ್ಧ ನಿಜ. ಹಾಪ್ಸ್ ಹೆಚ್ಚು ಹಾಕಿದ ಬಿಯರ್ ಇಲ್ಲಿಗೆ ಬರುತ್ತಿತ್ತು ಹೌದು, ಆದರೆ ಪೋರ್ಟರ್ ಎಂಬ ಕಪ್ಪು ಬಿಯರೂ ಅದೇ ದಾರಿಯಲ್ಲಿ ಕೆಡದೆ ಬಂದು ತಲುಪುತ್ತಿತ್ತು.

ಬಾರ್ಲಿ ಇಲ್ಲದೆ ಬಿಯರ್ ಇಲ್ಲ ಎಂಬುದೂ ತಪ್ಪು. ಹುನಗುಂದದ ಎರೆಹೊಲದಲ್ಲಿ ಬೆಳೆಯುವ ಜೋಳ ಆಫ್ರಿಕದ ಹಲವು ಕಡೆ ತಲೆತಲಾಂತರದಿಂದ ಬಿಯರಿನ ಧಾನ್ಯ. ದಕ್ಷಿಣ ಆಫ್ರಿಕದ ಉಮ್ಕೊಂಬೊಥಿಯಲ್ಲಿ ಜೋಳದ ಮೊಳಕೆ ಮತ್ತು ಮೆಕ್ಕೆಜೋಳ ಎರಡೂ ಇರುತ್ತವೆ. 1988ರಲ್ಲಿ ನೈಜೀರಿಯ ಬಾರ್ಲಿ ಮಾಲ್ಟ್ ಆಮದನ್ನು ನಿಷೇಧಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೇ ಜೋಳ, ಮೆಕ್ಕೆಜೋಳದತ್ತ ತಿರುಗಿದವು.

ಕಪ್ಪಿದ್ದರೆ ಜೋರೇ?

ಅಲ್ಲ. ಬಣ್ಣ ಹೇಳುವುದು ಮಾಲ್ಟನ್ನು ಎಷ್ಟು ಹುರಿದರು ಎಂಬುದನ್ನು ಮಾತ್ರ. ಅಮಲಿನ ಅಳತೆ ಎಬಿವಿ, ಅಂದರೆ ನೂರು ಮಿ.ಲೀ. ಬಿಯರಿನಲ್ಲಿ ಎಷ್ಟು ಮಿ.ಲೀ. ಆಲ್ಕೊಹಾಲ್ ಇದೆ ಎಂಬ ಲೆಕ್ಕ. ಹಲಗೆಯ ಮೇಲೆ ಹೆಸರಿನ ಮುಂದೆ ಇರುವ ಸಂಖ್ಯೆ ಸಾಮಾನ್ಯವಾಗಿ ಇದೇ. ಐರ್ಲೆಂಡಿನ ಪ್ರಸಿದ್ಧ ಕಪ್ಪು ಬಿಯರ್ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಇದು ಸುಮಾರು 4.2. ನಮ್ಮಲ್ಲಿ 'ಸ್ಟ್ರಾಂಗ್' ಎಂದು ಮಾರುವ ಹೊಂಬಣ್ಣದ ಬಿಯರಿನಲ್ಲಿ 8ರವರೆಗೂ ಇರಬಹುದು. ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ 5ರವರೆಗಿನದು ಸಾಮಾನ್ಯ ಬಿಯರ್, 5 ದಾಟಿ 8ರವರೆಗಿನದು ಸ್ಟ್ರಾಂಗ್.

ಈಗ "ಬಿಯರ್ ಸೆರೆ ಅಲ್ಲ" ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚೋಣ. ಮಿಲಿಲೀಟರನ್ನು ಎಬಿವಿಯಿಂದ ಗುಣಿಸಿ, 100ರಿಂದ ಭಾಗಿಸಿ, 0.79ರಿಂದ ಗುಣಿಸಿದರೆ ಎಷ್ಟು ಗ್ರಾಂ ಆಲ್ಕೊಹಾಲ್ ಎಂದು ಸಿಗುತ್ತದೆ.

• 42.8 ಎಬಿವಿಯ ವಿಸ್ಕಿ, 30 ಮಿ.ಲೀ. ಪೆಗ್: ಸುಮಾರು 10 ಗ್ರಾಂ
• 5 ಎಬಿವಿಯ ಬಿಯರ್, 330 ಮಿ.ಲೀ.: ಸುಮಾರು 13 ಗ್ರಾಂ
• 8 ಎಬಿವಿಯ ಸ್ಟ್ರಾಂಗ್ ಬಿಯರ್, 650 ಮಿ.ಲೀ. ಬಾಟಲಿ: ಸುಮಾರು 41 ಗ್ರಾಂ

ಅಂದರೆ ಒಂದು ದೊಡ್ಡ ಸ್ಟ್ರಾಂಗ್ ಬಾಟಲಿ ನಾಲ್ಕು ಪೆಗ್ ವಿಸ್ಕಿಗೆ ಸಮ. "ನಾನು ಬರೇ ಒಂದು ಬಿಯರ್ ಕುಡಿದೆ" ಎನ್ನುವವರ ಯಕೃತ್ತಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ನೋಡುವುದು ಗ್ರಾಂ ಮಾತ್ರ.

ಕಹಿಯಿಂದಲೂ ಅಮಲನ್ನು ಅಳೆಯಲಾಗದು. ಕಹಿಯಾದ ಬಿಯರ್ 4.5 ಇರಬಹುದು, ಸಿಹಿಸಿಹಿಯಾದದ್ದು 8 ಇರಬಹುದು. ಕಹಿ ತಗ್ಗಿದಷ್ಟೂ ಗಂಟಲಲ್ಲಿ ಸಲೀಸಾಗಿ ಇಳಿಯುವುದರಿಂದ ಎಚ್ಚರ ಬೇಕಾದ್ದು ಸಿಹಿಯ ಕಡೆಗೇ.

ಇಷ್ಟವಾಗುವುದು ನಾಲಿಗೆಗೋ ಮೂಗಿಗೋ?

ನಾಲಿಗೆಯ ತುದಿಯಲ್ಲಿ ಸಿಹಿ, ಹಿಂಬದಿಯಲ್ಲಿ ಕಹಿ ಎಂದು ತೋರಿಸುವ ಚಿತ್ರವನ್ನು ಶಾಲೆಯ ಪುಸ್ತಕದಲ್ಲಿ ನೋಡಿರುತ್ತೀರಿ. 1901ರ ಒಂದು ಜರ್ಮನ್ ಪ್ರಬಂಧವನ್ನು ಮುಂದೆ ತಪ್ಪಾಗಿ ಅರ್ಥೈಸಿದ್ದರಿಂದ ಹಬ್ಬಿದ ಚಿತ್ರ ಅದು. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ಮೂಲರುಚಿಗಳನ್ನು ಗ್ರಹಿಸುತ್ತವೆ. ನಾವು 'ರುಚಿ' ಎನ್ನುವುದರಲ್ಲಿ ದೊಡ್ಡ ಪಾಲು ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ವಾಸನೆಯದು. ಮೂಗು ಮುಚ್ಚಿಕೊಂಡು ಗುರೆಳ್ಳು ಚಟ್ನಿ ತಿಂದು ನೋಡಿ, ಖಾರ ಮತ್ತು ಉಪ್ಪು ಉಳಿಯುತ್ತವೆ, ಗುರೆಳ್ಳು ಮಾಯವಾಗುತ್ತದೆ.

ಕಹಿಯ ವಿಷಯದಲ್ಲಿ ಎಲ್ಲರೂ ಒಂದೇ ಅಲ್ಲ. ಕಹಿಯನ್ನು ಗುರುತಿಸುವ ಸುಮಾರು 25 ಬಗೆಯ ಗ್ರಾಹಿಗಳು ನಮ್ಮಲ್ಲಿವೆ. ಅವುಗಳ ಜೀನುಗಳು ಒಬ್ಬರಿಂದೊಬ್ಬರಿಗೆ ಬೇರೆಯಾಗಿರುತ್ತವೆ. ಗೆಳೆಯನಿಗೆ ಹಿತವಾದ ಐಪಿಎ ನಿಮಗೆ ಹಾಗಲಕಾಯಿ ರಸದಂತೆ ಅನಿಸಿದರೆ ನಿಮ್ಮ ಅಭಿರುಚಿಯಲ್ಲಿ ಕೊರತೆಯಿದೆ ಎಂದಲ್ಲ. ನಾಚಿಕೆಗೆ ಅದನ್ನು ಮುಗಿಸಬೇಕಾಗಿಯೂ ಇಲ್ಲ.

ತೀರಾ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ಸಿಹಿ ಕಹಿ ಮಂಕಾಗುತ್ತವೆ. ಮಂಜುಗಟ್ಟುವಷ್ಟು ತಣ್ಣಗೆ ಕುಡಿದವರಿಗೆ ಎಲ್ಲ ಬಿಯರೂ ಒಂದೇ ಎನಿಸಲು ಇದೂ ಒಂದು ಕಾರಣ.

ಮೇಳದಲ್ಲಿ ಹೀಗೆ ಮಾಡಿ

ಊಟ ಮಾಡಿ ಹೋಗಿ. ಹೊಟ್ಟೆಯಲ್ಲಿ ಆಹಾರವಿದ್ದರೆ ಆಲ್ಕೊಹಾಲ್ ರಕ್ತ ಸೇರುವ ವೇಗ ತಗ್ಗುತ್ತದೆ. ಮೊದಲು ಹಲಗೆ ಓದಿ, ಎಬಿವಿ ಬರೆದಿರದಿದ್ದರೆ ಕೇಳಿ. ಇರುವುದರಲ್ಲೇ ಸಣ್ಣ ಅಳತೆ ಆರಿಸಿ.

ತಿಳಿಯಾದದ್ದರಿಂದ ಗಾಢವಾದದ್ದಕ್ಕೆ ಹೋಗಿ: ಲಾಗರ್, ವೀಟ್, ಪೇಲ್ ಏಲ್, ಐಪಿಎ, ಸ್ಟೌಟ್. ಕಹಿಯಿಂದ ಶುರು ಮಾಡಿದರೆ ಮುಂದಿನದು ನೀರಿನಂತೆ ಅನಿಸುತ್ತದೆ. ಮೊದಲು ಮೂಸಿ, ಆಮೇಲೆ ಎರಡು ಮೂರು ಗುಟುಕು, ನಡುವೆ ನೀರು. ಜೊತೆಗೆ ಮಿರ್ಚಿ ಭಜಿ ಬೇಡ, ಖಾರ ಹಾಕದ ಚುರುಮರಿ ಸಾಕು. ಖಾರದ ಉರಿಯನ್ನು ಗ್ರಹಿಸುವ ನರಗಳನ್ನೇ ಆಲ್ಕೊಹಾಲ್ ಕೂಡ ಕೆಣಕುವುದರಿಂದ ಬಾಯಿ ಉರಿದು ರುಚಿ ತಿಳಿಯದಾಗುತ್ತದೆ.

ಹಿಡಿಸಿದ್ದನ್ನು ಫೋನಿನಲ್ಲಿ ನಿಮ್ಮದೇ ಮಾತಿನಲ್ಲಿ ಬರೆದಿಡಿ: 'ಬಾಳೆಹಣ್ಣು, ಕಹಿ ಇಲ್ಲ', 'ಸುಟ್ಟ ರೊಟ್ಟಿಯ ಅಂಚು'. ಮುಂದಿನ ಸಲ ಆರಿಸಲು ಈ ಟಿಪ್ಪಣಿಯೇ ಸಾಕಾಗುತ್ತದೆ. ಹಿಡಿಸದ್ದನ್ನು ಚೆಲ್ಲಿ.

5 ಎಬಿವಿಯ ಐದು ಬಗೆಗಳನ್ನು 60 ಮಿ.ಲೀ.ನಂತೆ ನೋಡಿದರೆ ಒಟ್ಟು ಸುಮಾರು 12 ಗ್ರಾಂ, ಒಂದು ಪೆಗ್‌ಗಿಂತ ತುಸು ಹೆಚ್ಚು. ಅದೇ ಐದನ್ನು 330 ಮಿ.ಲೀ. ಲೋಟದಲ್ಲಿ ಕುಡಿದರೆ 65 ಗ್ರಾಂ, ಆರೂವರೆ ಪೆಗ್. ತಿಳಿದುಕೊಂಡ ರುಚಿಗಳು ಎರಡರಲ್ಲೂ ಐದೇ. ಎರಡನೆಯದರಲ್ಲಿ ಕೊನೆಯ ಲೋಟದ ಹೊತ್ತಿಗೆ ರುಚಿ ಗುರುತಿಸುವ ಎಚ್ಚರವೇ ಉಳಿದಿರುವುದಿಲ್ಲ.

ತಂಪು ಮತ್ತು ಕಿಡ್ನಿ ಕಲ್ಲು

ಬಿಯರ್ ತಣ್ಣಗಿದ್ದರೂ ಆಲ್ಕೊಹಾಲ್ ದೇಹದಲ್ಲಿ ನೀರು ಹಿಡಿದಿಡುವ ಹಾರ್ಮೋನನ್ನು ತಗ್ಗಿಸಿ ಮೂತ್ರ ಹೆಚ್ಚಿಸುತ್ತದೆ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ, ಅದರಲ್ಲೂ ಸ್ಟ್ರಾಂಗ್ ಬಿಯರಿನಿಂದ, ಇದು ತಂಪಿಗೆ ಬದಲು ನಿರ್ಜಲೀಕರಣಕ್ಕೆ ದಾರಿ. ಆ ಕೆಲಸಕ್ಕೆ ಮಜ್ಜಿಗೆ, ಅಂಬಲಿ, ನೀರು ಇವೆ.

ಕಿಡ್ನಿ ಕಲ್ಲಿನ ಮಾತಿಗೆ ಸಣ್ಣ ಆಧಾರವಿದೆ. ಬಿಯರ್ ಕುಡಿಯುವವರಲ್ಲಿ ಕಲ್ಲು ಕಡಿಮೆ ಎಂದು ಕೆಲವು ಸಮೀಕ್ಷಾ ಅಧ್ಯಯನಗಳು ಕಂಡಿವೆ. ಆದರೆ ಅದು ಇರುವ ಕಲ್ಲು ಕರಗಿತು ಎಂಬುದಕ್ಕೆ ಪುರಾವೆಯಲ್ಲ. ಬಿಯರ್ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ, ಕೆಲವು ಕಲ್ಲುಗಳಿಗೆ ಅದೇ ಮೂಲವಸ್ತು. ಕಲ್ಲಿನ ನೋವಿಗೆ ಬಿಯರ್ ಕುಡಿದು ಕಾಯುತ್ತಾ ಕೂತರೆ ಮೂತ್ರದ ಹಾದಿ ಕಟ್ಟಿ ಕಿಡ್ನಿಗೇ ಪೆಟ್ಟಾಗಬಹುದು. ವೈದ್ಯರು ಹೇಳುವುದು ಹೆಚ್ಚು ನೀರು ಕುಡಿಯಲು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕ್ರಾಫ್ಟ್ ಬಿಯರ್ ಇದಕ್ಕೆ ಹೊರತಲ್ಲ. ಕುಡಿಯದವರು ಆರೋಗ್ಯಕ್ಕೆಂದು ಶುರು ಮಾಡಲು ಯಾವ ಕಾರಣವೂ ಇಲ್ಲ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ನಿದ್ರೆ ಅಥವಾ ನರಗಳ ಮಾತ್ರೆ ತೆಗೆದುಕೊಳ್ಳುವವರು ರುಚಿ ನೋಡುವುದೂ ಬೇಡ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ.

ಹೋಗುವವರು ಮರಳುವ ದಾರಿಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮ ಕಾನೂನಿನಲ್ಲಿ ವಾಹನ ಓಡಿಸುವವರಿಗೆ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ. ದೇಹ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೊಹಾಲನ್ನಷ್ಟೇ ಕರಗಿಸುತ್ತದೆ. ಕಾಫಿ, ನಿಂಬೆಹಣ್ಣು, ತಣ್ಣೀರಿನ ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಬೈಕಿನ ಕೀಲಿ ಮನೆಯಲ್ಲಿಡಿ, ಮೆಟ್ರೋ ಅಥವಾ ಆಟೊದಲ್ಲಿ ಹೋಗಿ ಬನ್ನಿ.