ಪಾಠದ ಧ್ವನಿ ತಾನಾಗಿ ಬರಹವಾಗಲಿ, ಅಂಕ ತಾನಾಗಿ ಬೀಳುವುದು ಬೇಡ

ಬೋಧನಾಭ್ಯಾಸದ ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಮೇಲ್ ಮಾಡಿದರೆ ಸಾಕು, ಅದು ತಾನಾಗಿಯೇ ಬರಹವಾಗಿ ಮಾರ್ಗದರ್ಶಕ ಉಪನ್ಯಾಸಕರನ್ನು ತಲುಪುತ್ತದೆ. ಇಂಥದೊಂದು ವ್ಯವಸ್ಥೆಯ ಬಗ್ಗೆ ನಮ್ಮ ಪ್ರಶಿಕ್ಷಣಾರ್ಥಿಗಳ ನಡುವೆ ಈ ಅವಧಿಯಲ್ಲಿ ಬಹಳ ಚರ್ಚೆಯಾಗಿದೆ. ವೀಕ್ಷಣೆಯ ಅಂಕಗಳನ್ನೂ ಆ ಬರಹ ನೋಡಿಯೇ ಕೊಡಬಹುದಲ್ಲ ಎಂದು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ನಾನು ಈ ವ್ಯವಸ್ಥೆಯ ಪರವಾಗಿದ್ದೇನೆ. ಆ ಕೊನೆಯ ಹೆಜ್ಜೆಗೆ ಮಾತ್ರ ನನ್ನ ವಿರೋಧವಿದೆ.

ಇದು ಯಾಕೆ ಬೇಕು ಎಂಬುದನ್ನು ನಮ್ಮ ಓದುಗರಿಗೆ ಹೆಚ್ಚು ವಿವರಿಸಬೇಕಿಲ್ಲ. 2015ರಿಂದ ಬಿ.ಇಡಿ. ಎರಡು ವರ್ಷದ್ದಾಯಿತು, ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು. ಸೂಕ್ಷ್ಮಬೋಧನೆಯಲ್ಲಿ 6 ನಿಮಿಷ ಪಾಠ ಮಾಡಿದರೆ 6 ನಿಮಿಷ ಹಿಮ್ಮಾಹಿತಿ ಅಲ್ಲೇ ಸಿಗುತ್ತದೆ. ಶಾಲೆಗೆ ಹೋದ ಮೇಲೆ ಆ ಸೌಭಾಗ್ಯ ಇಲ್ಲ. ಒಬ್ಬರು ಸಾಗರ ರಸ್ತೆಯ ತ್ಯಾವರೆಕೊಪ್ಪದ ಕಡೆ, ಇನ್ನೊಬ್ಬರು ಭದ್ರಾವತಿಯಲ್ಲಿ, ಮತ್ತೊಬ್ಬರು ಶಿವಮೊಗ್ಗ ಪೇಟೆಯಲ್ಲಿ. ಒಬ್ಬ ಉಪನ್ಯಾಸಕರು ಎಷ್ಟು ಕಡೆ ಓಡಾಡಿಯಾರು? ನಮ್ಮ ಬಹುಪಾಲು ಪಾಠಗಳನ್ನು ಮಕ್ಕಳ ಹೊರತು ಯಾರೂ ಕೇಳಿರುವುದಿಲ್ಲ. ಕೇಳಿದ ಪಾಠಕ್ಕೂ ಸಿಗುವುದು ವೀಕ್ಷಣಾ ಪುಸ್ತಕದಲ್ಲಿ ಎರಡು ಸಾಲು: ‘ಧ್ವನಿ ಚೆನ್ನಾಗಿದೆ. ಕಪ್ಪುಹಲಗೆಯ ಬಳಕೆ ಸುಧಾರಿಸಲಿ.’

ನಾನು ಮತ್ತು ಒಬ್ಬ ಸಹಪಾಠಿ ಮಾಡಿಕೊಂಡ ಏರ್ಪಾಡು ಸರಳವಾದದ್ದು. ಪಾಠದ ರೆಕಾರ್ಡಿಂಗನ್ನು ನಿಗದಿತ ಶೀರ್ಷಿಕೆಯೊಂದಿಗೆ ನಮ್ಮದೇ ಒಂದು ಜಿಮೇಲ್ ಖಾತೆಗೆ ಕಳುಹಿಸುತ್ತೇವೆ. ಶೀರ್ಷಿಕೆ ನೋಡಿ ಜಿಮೇಲ್ ಆ ಪತ್ರಕ್ಕೆ ಒಂದು ಲೇಬಲ್ ಅಂಟಿಸುತ್ತದೆ. ಗೂಗಲ್ ಆ್ಯಪ್ಸ್ ಸ್ಕ್ರಿಪ್ಟಿನಲ್ಲಿ ಬರೆದ ಪುಟ್ಟ ಪ್ರೋಗ್ರಾಮು ಗಂಟೆಗೊಮ್ಮೆ ಎದ್ದು ಆ ಲೇಬಲ್ ಇರುವ ಪತ್ರಗಳನ್ನು ಹುಡುಕಿ, ಲಗತ್ತನ್ನು ಡ್ರೈವಿಗೆ ಇಳಿಸಿ, ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶಕ್ಕೆ ಒಪ್ಪಿಸಿ, ಬಂದ ಬರಹವನ್ನು ಒಂದು ಡಾಕ್ಯುಮೆಂಟಿನಲ್ಲಿಟ್ಟು ಅದರ ಕೊಂಡಿಯನ್ನು ನಮಗೆ ಮರಳಿ ಮೇಲ್ ಮಾಡುತ್ತದೆ.

ಮಾಡಿ ನೋಡುವವರು ಮೊದಲು ಗಾತ್ರದ ಲೆಕ್ಕ ಹಾಕಿಕೊಳ್ಳಿ. 40 ನಿಮಿಷದ ಅವಧಿಯನ್ನು 128 ಕೆಬಿಪಿಎಸ್ ಗುಣಮಟ್ಟದಲ್ಲಿ ಮುದ್ರಿಸಿದರೆ ಕಡತ ಸುಮಾರು 38 ಎಂಬಿ ಆಗುತ್ತದೆ. ಜಿಮೇಲಿನ ಮಿತಿ 25 ಎಂಬಿ. ಮಿತಿ ದಾಟಿದ ಕಡತ ಡ್ರೈವ್ ಕೊಂಡಿಯಾಗಿ ಹೋಗುವುದರಿಂದ, ಲಗತ್ತು ಹುಡುಕುವ ಪ್ರೋಗ್ರಾಮಿಗೆ ಖಾಲಿ ಪತ್ರ ಬಂದಂತೆ ಕಾಣುತ್ತದೆ. 32 ಕೆಬಿಪಿಎಸ್‌ಗೆ ಇಳಿಸಿದರೆ 10 ಎಂಬಿಯೊಳಗೆ ಮುಗಿಯುತ್ತದೆ. ನಾವು ಮುದ್ರಿಸುವುದು ಸಂಗೀತವನ್ನಲ್ಲವಲ್ಲ, ಮಾತಿಗೆ ಅಷ್ಟು ಸಾಕು. ಆ್ಯಪ್ಸ್ ಸ್ಕ್ರಿಪ್ಟ್ ಒಂದು ಸಲಕ್ಕೆ 6 ನಿಮಿಷಕ್ಕಿಂತ ಹೆಚ್ಚು ಓಡುವುದಿಲ್ಲ. ಹಾಗಾಗಿ ಕಳುಹಿಸುವ ಕೆಲಸ, ಬರಹ ತರುವ ಕೆಲಸ ಎರಡನ್ನೂ ಬೇರೆ ಬೇರೆ ಇಡಬೇಕು.

ತಮ್ಮ ಪಾಠವನ್ನು ತಾವೇ ಅಕ್ಷರದಲ್ಲಿ ಓದುವುದು ಒಂದು ವಿಚಿತ್ರ ಅನುಭವ. ‘ಅರ್ಥ ಆಯ್ತಾ?’, ‘ಗೊತ್ತಾಯ್ತಲ್ಲ?’, ‘ಹಾಗಾದ್ರೆ’. ಒಬ್ಬೊಬ್ಬರಿಗೆ ಒಂದೊಂದು ಪಲ್ಲವಿ. ಎಷ್ಟು ಸಲ ಎಂದು ಹುಡುಕಿದರೆ ಕ್ಷಣದಲ್ಲಿ ಎಣಿಕೆ ಸಿಗುತ್ತದೆ. ತರಗತಿಯ ಮೂರನೇ ಎರಡು ಭಾಗ ಮಾತು, ಆ ಮಾತಿನಲ್ಲಿ ಮೂರನೇ ಎರಡು ಭಾಗ ಶಿಕ್ಷಕರದ್ದು ಎಂದು ನೆಡ್ ಫ್ಲ್ಯಾಂಡರ್ಸ್ ಹೇಳಿದ್ದನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಓದಿದ್ದನ್ನು ನಮ್ಮದೇ ಪಾಠದ ಪುಟಗಳಲ್ಲಿ ಅಳೆದು ನೋಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಆದರೆ ಆ ಬರಹದಲ್ಲಿ ಇಲ್ಲದಿರುವುದು ಏನು ಎಂಬುದೇ ಮುಖ್ಯ. ಪಾರಿಭಾಷಿಕ ಪದಗಳು ಕೆಡುತ್ತವೆ, ಅದು ನಗುವ ವಿಷಯ. ಎಂಟನೇ ತರಗತಿಯ ‘ಶಬ್ದ’ ಪಾಠದಲ್ಲಿ ಕಂಪನದ ‘ಪಾರ’ ಎಂದದ್ದು ‘ಭಾರ’ ಆಗಿತ್ತು, ‘ಆವೃತ್ತಿ’ ಒಡೆದು ‘ಆ ವೃತ್ತಿ’ ಆಗಿತ್ತು. ಅದೇ ಪಾಠದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ಸಿಂಹಧಾಮದ ಸಿಂಹ ರಾತ್ರಿ ಕೂಗಿದ್ರೆ ನಮ್ಮನೆ ತಂಕ ಕೇಳ್ಸುತ್ತೆ. ಸಣ್ ದನಿ ಪ್ರಾಣಿ ಎಷ್ಟ್ ಜೋರಾಗ್ ಕೂಗಿದ್ರೂ ಅಷ್ಟ್ ದೂರ ಯಾಕ್ ಬರಲ್ಲ?” ಎಂದು ಕೇಳಿದ. ಕಡಿಮೆ ಆವೃತ್ತಿಯ ಶಬ್ದವನ್ನು ಗಾಳಿ ಕಡಿಮೆ ಹೀರಿಕೊಳ್ಳುತ್ತದೆ. ಜೋರಿಗೂ ಸ್ಥಾಯಿಗೂ ಇರುವ ವ್ಯತ್ಯಾಸ ಆ ಒಂದು ಪ್ರಶ್ನೆಯಲ್ಲೇ ಇತ್ತು, ಉಳಿದ ಅವಧಿಯೆಲ್ಲ ಅದರ ಸುತ್ತಲೇ ನಡೆಯಿತು. ಬರಹದಲ್ಲಿ ನನ್ನ ಉತ್ತರ ಇದೆ, ಪ್ರಶ್ನೆ ಇಲ್ಲ. ಓದಿದವರಿಗೆ ಶಿಕ್ಷಕಿ ಇದ್ದಕ್ಕಿದ್ದಂತೆ ಪಾಠ ಬಿಟ್ಟು ಸಿಂಹದ ಕಥೆಗೆ ಹೊರಳಿದಂತೆ ಕಾಣುತ್ತದೆ. ‘ವಿಷಯಾಂತರ’ ಎಂದು ಬರೆದು ಅಂಕ ಕಳೆದರೆ ಬರೆದವರದ್ದು ತಪ್ಪೆನ್ನಲಾಗದು.

ಮಕ್ಕಳ ಧ್ವನಿಯನ್ನು ಗುರುತಿಸುವಲ್ಲಿ ಇಂಥ ತಂತ್ರಾಂಶಗಳು ಸಾಮಾನ್ಯವಾಗಿ ಹಿಂದೆ ಬೀಳುತ್ತವೆ. ಅವು ಕಲಿತಿರುವುದು ಹೆಚ್ಚಾಗಿ ದೊಡ್ಡವರ ಮಾತಿನಿಂದ. ಕನ್ನಡದ ಮಟ್ಟಿಗೆ ಕೆಲಸ ನಡೆಯುತ್ತಿಲ್ಲ ಎಂದಲ್ಲ. ಕೇಂದ್ರ ಸರ್ಕಾರದ ಭಾಷಿಣಿ, ಐಐಟಿ ಮದ್ರಾಸಿನ ಎಐಫೋರ್‌ಭಾರತ್, ಜಿಲ್ಲೆ ಜಿಲ್ಲೆಯ ಸಹಜ ಮಾತನ್ನು ಸಂಗ್ರಹಿಸುತ್ತಿರುವ ಬೆಂಗಳೂರಿನ ಐಐಎಸ್‌ಸಿಯ ‘ವಾಣಿ’ ಯೋಜನೆ, ಎಲ್ಲವೂ ಇವೆ. ಆದರೂ ಮನೆಯಲ್ಲಿ ಲಂಬಾಣಿ, ಉರ್ದು, ತಮಿಳು ಆಡುವ ಮಗು ಕನ್ನಡದಲ್ಲಿ ಅರ್ಧ ವಾಕ್ಯ ಹೇಳಿ ನಿಲ್ಲಿಸಿದ್ದನ್ನು ಯಂತ್ರ ಹಿಡಿಯುವ ದಿನ ಇನ್ನೂ ಬಂದಿಲ್ಲ.

ಇನ್ನು ಮೌನ. ಫ್ಲ್ಯಾಂಡರ್ಸ್ 3 ಸೆಕೆಂಡಿಗೊಮ್ಮೆ ಗುರುತು ಹಾಕುವ ತನ್ನ ಹತ್ತು ವರ್ಗಗಳಲ್ಲಿ ಹತ್ತನೆಯದನ್ನು ಮೌನಕ್ಕೆ ಮೀಸಲಿಟ್ಟ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡೂ ಕಾಯುವುದಿಲ್ಲ, 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದರು. ಬರಹದಲ್ಲಿ ಈ ಕಾಯುವಿಕೆ ಅಳಿಸಿಹೋಗುತ್ತದೆ. ಸಮಯದ ಗುರುತು ಹಾಕುವ ತಂತ್ರಾಂಶವಾದರೆ ಅಂತರ ಕಾಣಬಹುದು, ಆದರೆ ಅದು ಯೋಚನೆಯ ಮೌನವೋ ಹೆದರಿಕೆಯ ಮೌನವೋ ತಿಳಿಯದು. ಇದಕ್ಕಿಂತ ಗಂಭೀರ ಸಂಗತಿ ಇನ್ನೊಂದಿದೆ. ಓಪನ್‌ಎಐನ ‘ವಿಸ್ಪರ್’ ಬಗ್ಗೆ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇಂಗ್ಲಿಷ್ ಧ್ವನಿತುಣುಕುಗಳನ್ನು ಪರೀಕ್ಷಿಸಿ, ಸುಮಾರು ಶೇ. 1ರಷ್ಟರಲ್ಲಿ ಯಾರೂ ಆಡದ ಮಾತು ಸೇರಿಕೊಂಡಿದ್ದನ್ನು ಕಂಡಿತು. ಮಾತಿಲ್ಲದ ಹೊತ್ತು ಹೆಚ್ಚಿದ್ದ ಕಡೆ ಅದು ಹೆಚ್ಚು. ಅಂದರೆ ಮಕ್ಕಳಿಗೆ ಯೋಚಿಸಲು ಬಿಟ್ಟ ಶಿಕ್ಷಕರ ಬಾಯಲ್ಲೇ ಯಂತ್ರ ಹೊಸ ಮಾತು ತುರುಕುವ ಸಾಧ್ಯತೆ ಹೆಚ್ಚು!

ಹೀಗಿರುವಾಗ ಆ ಬರಹ ನೇರವಾಗಿ ಮಾರ್ಗದರ್ಶಕರ ಇನ್‌ಬಾಕ್ಸಿಗೆ ಹೋಗಿ ಅಂಕವಾದರೆ ಪೆಟ್ಟು ಯಾರಿಗೆ? ಪೇಟೆಯ ಶಾಲೆಯಲ್ಲಿ ತಾನೇ ನಿರರ್ಗಳವಾಗಿ ಮಾತನಾಡಿ ಮುಗಿಸಿದವರ ಬರಹ ಅಚ್ಚುಕಟ್ಟಾಗಿರುತ್ತದೆ. ಮಕ್ಕಳಿಂದ ಮಾತಾಡಿಸಿದವರ ಬರಹದ ತುಂಬ ತೂತು. ಇದನ್ನು ಒಂದೆರಡು ವರ್ಷ ನಡೆಸಿದರೆ ಪ್ರಶಿಕ್ಷಣಾರ್ಥಿಗಳು ಮಕ್ಕಳಿಗಾಗಿ ಅಲ್ಲ, ಮೊಬೈಲಿಗಾಗಿ ಪಾಠ ಮಾಡಲು ಕಲಿಯುತ್ತಾರೆ.

ಅದಕ್ಕೇ ನನ್ನ ಒತ್ತಾಯ ಇಷ್ಟು. ಬರಹ ಮೊದಲು ಪಾಠ ಮಾಡಿದವರಿಗೇ ಬರಲಿ. ಅವರು ಧ್ವನಿ ಕೇಳುತ್ತ, ಬಿಟ್ಟುಹೋದ ಮಕ್ಕಳ ಮಾತು ಸೇರಿಸಿ, ಮೌನ ಇದ್ದ ಕಡೆ ಗುರುತು ಹಾಕಿ ತಿದ್ದಲಿ. ತಿದ್ದಿದ ಪ್ರತಿ ಮಾರ್ಗದರ್ಶಕರಿಗೆ ಹೋಗಲಿ, ಮಾತುಕತೆಗೆ ಮಾತ್ರ, ಅಂಕಕ್ಕಲ್ಲ. ಅಷ್ಟೆಲ್ಲ ತಿದ್ದುವುದಾದರೆ ಯಂತ್ರ ಯಾಕೆ ಎಂದು ಗೆಳೆಯರು ಕೇಳುತ್ತಾರೆ. ಟೈಪು ಮಾಡುವ, ಕಡತ ಹುಡುಕುವ, ಇಳಿಸಿ ಏರಿಸುವ ಕೂಲಿಯನ್ನು ಅದು ತಪ್ಪಿಸುತ್ತದೆ. ಕೇಳುತ್ತ ತಿದ್ದುವ ಆ ಒಂದೆರಡು ಗಂಟೆ ಕೂಲಿಯಲ್ಲ, ತರಬೇತಿಯೇ ಅದು.

ಮಕ್ಕಳ ಒಪ್ಪಿಗೆಯ ಪ್ರಶ್ನೆಯನ್ನು ನಮ್ಮ ಚರ್ಚೆಯಲ್ಲಿ ಯಾರೂ ಎತ್ತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ಮುಖ್ಯೋಪಾಧ್ಯಾಯರು ‘ಆಯ್ತು, ಮಾಡ್ಕೊಳ್ಳಿ’ ಎಂದರೆ ಮುಗಿಯಿತು ಎಂದುಕೊಳ್ಳಬಾರದು. ಹುಡುಗನ ಧ್ವನಿ ಯಾವ ಊರಿನ ಸರ್ವರಿನಲ್ಲಿ ಕೂತಿದೆ ಎಂದು ಅವನ ಅಪ್ಪ ಕೇಳಿದರೆ ನಮ್ಮಲ್ಲಿ ಉತ್ತರ ಇರಬೇಕು. ಬರಹದಲ್ಲಿ ಮಕ್ಕಳ ಹೆಸರು ತೆಗೆದು ‘ವಿ1’, ‘ವಿ2’ ಎಂದಿರಲಿ, ತಿದ್ದಿ ಮುಗಿದ ಮೇಲೆ ಧ್ವನಿ ಕಡತ ಮೇಲ್, ಡ್ರೈವ್ ಎರಡರಿಂದಲೂ ಅಳಿಯಲಿ. ಅಳಿಸುವುದನ್ನು ಅದೇ ಪ್ರೋಗ್ರಾಮಿಗೆ ಒಪ್ಪಿಸಬಹುದು. ಮುಂದಿನ ತಂಡ ಶಾಲೆಗಳಿಗೆ ಹೊರಡುವ ಮೊದಲು ಪೋಷಕರ ಒಪ್ಪಿಗೆ ಪತ್ರದ ಒಂದು ನಮೂನೆ ಕಾಲೇಜಿನಲ್ಲಿ ಸಿದ್ಧವಾಗಬೇಕು, ಕನ್ನಡದ ಜೊತೆ ಉರ್ದುವಿನಲ್ಲೂ, ಭದ್ರಾವತಿಯ ಶಾಲೆಗಳಿಗಾದರೆ ತಮಿಳಿನಲ್ಲೂ.