ಹಸಿವಿನ ವಿಜ್ಞಾನವೂ ಮಲೆನಾಡಿನ ಹೊಣೆಯೂ

ಹಸಿವು ಹೊಟ್ಟೆಯಲ್ಲಿ ಹುಟ್ಟುತ್ತದೆ ಎಂಬುದು ಲೋಕರೂಢಿ. ಅರ್ಥಶಾಸ್ತ್ರ ಓದಿದ ನಾವು ಅದನ್ನು ಕ್ಯಾಲೊರಿಗಳಲ್ಲಿ ಅಳೆಯುವುದನ್ನು ಕಲಿತೆವು. ಗ್ರಾಮವಾಸಿಗೆ ದಿನಕ್ಕೆ 2,400, ನಗರವಾಸಿಗೆ 2,100 ಕ್ಯಾಲೊರಿ ಎಂಬ ಲೆಕ್ಕದ ಮೇಲೆ 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಬಡತನದ ರೇಖೆ ಎಳೆಯಿತು. ಆಡಳಿತವು ಹಸಿವನ್ನು ಕಂಡದ್ದು ಬಹುಮಟ್ಟಿಗೆ ಈ ಕಣ್ಣಿನಿಂದಲೇ. ಆದರೆ ದೇಹವು ತನ್ನ ಲೆಕ್ಕವನ್ನು ತಾನೇ ಹೇಗೆ ಇಡುತ್ತದೆ ಎಂಬುದರ ಸುಳಿವು ನೀಡಿದ ಭಾರತೀಯ ವಿಜ್ಞಾನಿಯೊಬ್ಬರ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಅವರು ಬಾಲಕೃಷ್ಣ ಆನಂದ್. 1951ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೊಬೆಕ್ ಅವರೊಡನೆ ನಡೆಸಿದ ಪ್ರಯೋಗದಲ್ಲಿ ಅವರು ಇಲಿಗಳ ಮಿದುಳಿನ ಹೈಪೊಥಲಾಮಸ್‌ನ ಎರಡೂ ಪಕ್ಕಗಳಲ್ಲಿ ಒಂದು ಪುಟ್ಟ ಭಾಗವನ್ನು ನಾಶಪಡಿಸಿದರು. ಎದುರಿಗೇ ಆಹಾರವಿದ್ದರೂ ಆ ಇಲಿಗಳು ತಿನ್ನದೆ ಸತ್ತವು. ತಿನ್ನಬೇಕೆಂಬ ಪ್ರೇರಣೆಗೂ ಮಿದುಳಿನಲ್ಲೊಂದು ನೆಲೆಯುಂಟು ಎಂಬುದು ಆಗ ಸ್ಪಷ್ಟವಾಯಿತು. ದೆಹಲಿಗೆ ಮರಳಿದ ಆನಂದ್ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಬೆಕ್ಕು ಹಾಗೂ ಮಂಗಗಳ ಮೇಲೆ ಇದೇ ಪ್ರಶ್ನೆಯನ್ನು ಮುಂದುವರಿಸಿ, 1955ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಳಿಕ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಶರೀರಕ್ರಿಯಾ ವಿಭಾಗವನ್ನು ಕಟ್ಟಿದರು. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಈ ಕೇಂದ್ರಗಳ ಚಟುವಟಿಕೆ ಬದಲಾಗುವುದನ್ನು ಅವರ ತಂಡ 1962ರಲ್ಲಿ ದಾಖಲಿಸಿತು.

ವಿಜ್ಞಾನದಲ್ಲಿ ಕೊನೆಯ ಮಾತು ಎಂಬುದಿಲ್ಲ. ಹಸಿವಿಗೆ ಒಂದೇ ‘ಕೇಂದ್ರ’ ಎಂಬ ಸರಳ ಚಿತ್ರ 1970ರ ದಶಕದಲ್ಲಿ ತಿದ್ದುಪಡಿ ಕಂಡಿತು. ಆ ಜಾಗದ ಮೂಲಕ ಹಾದುಹೋಗುವ ನರತಂತುಗಳ ಪಾತ್ರ ಬೆಳಕಿಗೆ ಬಂತು. 1994ರಲ್ಲಿ ಕೊಬ್ಬಿನಿಂದ ಮಿದುಳಿಗೆ ಸುದ್ದಿ ಒಯ್ಯುವ ಲೆಪ್ಟಿನ್ ಪತ್ತೆಯಾಯಿತು. ಹಸಿವನ್ನೇ ತಗ್ಗಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದವು. ಅವು ಕೂಡ ಒಂದಷ್ಟು ಮಟ್ಟಿಗೆ ಮಿದುಳಿನ ಮೂಲಕವೇ ಕೆಲಸ ಮಾಡುತ್ತವೆ. ಪಾಠ ಹೇಳುವ ಕಾಲೇಜೊಂದರ ಸಾಮಾನ್ಯ ಪ್ರಯೋಗಾಲಯದಲ್ಲಿ ಬೆಳೆದ ಪ್ರಶ್ನೆಗೆ ಎಷ್ಟು ದೀರ್ಘ ಆಯುಸ್ಸು!

ಇದನ್ನು ಶಿವಮೊಗ್ಗ-ಭದ್ರಾವತಿಯ ಸಂದರ್ಭದಲ್ಲಿ ನೆನೆಯಲು ಕಾರಣವಿದೆ. ಮಂಗನ ದೇಹಕ್ರಿಯೆ ಈ ಜಿಲ್ಲೆಗೆ ಪುಸ್ತಕದ ವಿಷಯವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಲೇ ಜಗತ್ತು ಹೊಸದೊಂದು ವೈರಾಣುವನ್ನು ಕಂಡಿತು. ಉಣ್ಣೆಯಿಂದ ಹರಡುವ ಆ ಕಾಯಿಲೆ ಕೆಲವರಲ್ಲಿ ಎರಡನೆಯ ಹಂತ ತಲುಪಿ ನರಮಂಡಲವನ್ನೂ ಬಾಧಿಸುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅದರ ಕ್ರೌರ್ಯವನ್ನು ಮತ್ತೆ ಅನುಭವಿಸಿತು. ದಶಕಗಳ ಕಾಲ ಕೊಟ್ಟ ಲಸಿಕೆಯನ್ನು, ಪರಿಣಾಮ ಸಾಲದೆಂದು, 2022ರಲ್ಲಿ ನಿಲ್ಲಿಸಬೇಕಾಯಿತು. ಸಂಶೋಧನೆಯನ್ನು ನಿರಂತರವಾಗಿ ಪೋಷಿಸದಿದ್ದರೆ ತೆರಬೇಕಾದ ಬೆಲೆ ಇದು. ಇನ್ನೊಂದೆಡೆ, ತೋಟ-ಗದ್ದೆಗೆ ನುಗ್ಗುವ ಮಂಗಗಳಿಂದ ಕೃಷಿಕರು ಕಂಗೆಟ್ಟಿದ್ದಾರೆ. ಹಿಡಿದು ಬೇರೆಡೆ ಬಿಡುವುದು, ಮಂಗಗಳ ಪಾರ್ಕ್ ಮಾಡುವುದು ಎಂಬ ಪರಿಹಾರಗಳ ಚರ್ಚೆಯಲ್ಲಿ, ಅವು ಏನನ್ನು, ಏಕೆ ಅರಸಿ ಬರುತ್ತವೆ ಎಂಬ ಮೂಲಪ್ರಶ್ನೆ ಹಿಂದೆ ಸರಿಯುತ್ತದೆ.

ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ, ಮೆಗ್ಗಾನ್ ಆಸ್ಪತ್ರೆಯಿದೆ, ವೈರಾಣು ಪತ್ತೆಯ ಪ್ರಯೋಗಾಲಯವಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯವಿದೆ. ಇವುಗಳನ್ನು ಒಂದೇ ಪ್ರಶ್ನೆಯ ಸುತ್ತ ಕೂಡಿಸುವ ಶಾಶ್ವತ ವ್ಯವಸ್ಥೆ ಬೇಕು. ವೈದ್ಯ, ಪ್ರಾಣಿಶಾಸ್ತ್ರಜ್ಞ, ಅರಣ್ಯಾಧಿಕಾರಿ ಮತ್ತು ಪಶುವೈದ್ಯ ಒಂದೇ ಮೇಜಿನ ಸುತ್ತ ಕೂರುವ, ಖಾಯಂ ಹುದ್ದೆಗಳೂ ಖಚಿತ ಅನುದಾನವೂ ಇರುವ ಸಂಶೋಧನಾ ಘಟಕವನ್ನು ಸರ್ಕಾರ ಇಲ್ಲಿ ಸ್ಥಾಪಿಸಬೇಕು.

ಹಾಸಿಗೆ, ದಾದಿಯರ ಕೊರತೆಯಿರುವಾಗ ಸಂಶೋಧನೆ ಏಕೆ ಎಂದು ಆರ್ಥಿಕ ಇಲಾಖೆ ಕೇಳಬಹುದು. ಆ ಪ್ರಶ್ನೆ ಅಸಂಗತವಲ್ಲ. ಆದರೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಮೈಸೂರು ಸಂಸ್ಥಾನವೂ ಶ್ರೀಮಂತವಾಗಿರಲಿಲ್ಲ. ಆಳುವವರಿಗೆ ನಾಳೆಯ ಕಲ್ಪನೆಯಿತ್ತು. ಪ್ರಾಣಿಗಳನ್ನು ಹಿಂಸಿಸುವ ಹಳೆಯ ವಿಧಾನಗಳು ಇಂದು ಅಗತ್ಯವೂ ಅಲ್ಲ, ನಿಯಮಗಳೂ ಅವಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಕಾಡಿನ ಮಂಗಗಳ ಮಲ ಪರೀಕ್ಷೆ, ಆಹಾರದ ಅವಲೋಕನ, ಉಣ್ಣೆಗಳ ಸಮೀಕ್ಷೆ, ರೋಗಿಗಳ ದೀರ್ಘಕಾಲೀನ ನಿಗಾ ಇವುಗಳಿಂದಲೇ ಬಹಳಷ್ಟು ಕಲಿಯಬಹುದು.

ಆನಂದ್ ಅವರ ವೃತ್ತಿಜೀವನ ಕಲಿಸುವುದು ಇದನ್ನೇ: ಸರಿಯಾದ ಪ್ರಶ್ನೆ, ಅದನ್ನು ಬೆನ್ನಟ್ಟಲು ಒಂದು ಪ್ರಯೋಗಾಲಯ, ಅದಕ್ಕೆ ಬೇಕಾದ ಕಾಲಾವಕಾಶ. ಮಲೆನಾಡಿನಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಉಳಿದೆರಡನ್ನು ಒದಗಿಸುವುದು ಸರ್ಕಾರದ ಕರ್ತವ್ಯ.